ಉದ್ರಿ ಲೆಕ್ಕ ಮತ್ತು ಸರಣಿ ಮಳಿಗೆ: ಪಟ್ಟನಾಯಕನಹಳ್ಳಿ ಸೀಮೆಯ ಚಿಲ್ಲರೆ ವ್ಯಾಪಾರ

ಸರಣಿ ಮಳಿಗೆಗಳ ಬೆಳವಣಿಗೆಯನ್ನು ಸಾಮಾನ್ಯವಾಗಿ ಬೋರ್ಡುಗಳನ್ನು ಎಣಿಸಿ ಅಳೆಯುತ್ತಾರೆ. ಈ ಅಳತೆಗೋಲು ಹಿಡಿದು ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಕಡೆಗೆ ಬಂದವರಿಗೆ ಬರೆಯಲು ಹೆಚ್ಚೇನೂ ಸಿಗದು. ಆದರೆ ಸರಪಳಿ ಇಲ್ಲಿಗೆ ತಲುಪಿ ದಶಕಗಳೇ ಆದವು. ಅದು ದಿನಸಿ ಅಂಗಡಿಯೊಳಗೇ ಹೊಕ್ಕು ಕೂತಿದೆ. ಅಂಗಡಿಯನ್ನು ಕಬಳಿಸಲು ಮಾತ್ರ ಆಗಿಲ್ಲ. ಇದಕ್ಕೆ ಮುಖ್ಯ ಕಾರಣ ಉದ್ರಿ ಎಂಬುದು ಈ ಲೇಖನದ ವಾದ.

ಸರಪಳಿ ಹೀಗೆ ಹಳೆಯ ಅಂಗಡಿಯೊಳಗೆ ಹೊಗುವುದು ಹೊಸದಲ್ಲ. ಸೆವೆನ್-ಇಲೆವೆನ್ ಸರಣಿಯ ಜಪಾನಿನ ಮೊದಲ ಮಳಿಗೆ 1974ರಲ್ಲಿ ಟೋಕಿಯೊದ ತೊಯೊಸುವಿನಲ್ಲಿ ತೆರೆಯಿತು. ಅದುವರೆಗೆ ಅದು ಒಂದು ಕುಟುಂಬದ ಮದ್ಯದಂಗಡಿ. ಹೆಸರು, ಸರಕು, ಲೆಕ್ಕದ ಕ್ರಮ ಕಂಪನಿಯವು. ಗಲ್ಲಾದ ಮೇಲೆ ಕೂತವರು ಹಳಬರೇ. ಇಂದು ಆ ದೇಶದಲ್ಲಿ ಎಲ್ಲ ಕಂಪನಿಗಳವೂ ಸೇರಿ 50 ಸಾವಿರಕ್ಕೂ ಹೆಚ್ಚು ಅನುಕೂಲದ (ಕನ್ವೀನಿಯನ್ಸ್) ಮಳಿಗೆಗಳಿವೆ. ಭಾರತದಲ್ಲಿ ಸೆವೆನ್-ಇಲೆವೆನ್ ಬೋರ್ಡು ಮೊದಲು ಕಂಡದ್ದು 2021ರ ಅಕ್ಟೋಬರಿನಲ್ಲಿ, ಮುಂಬೈಯ ಅಂಧೇರಿಯಲ್ಲಿ, ರಿಲಯನ್ಸ್ ಮೂಲಕ. 2012ರಲ್ಲಿ ಬಹುಬ್ರ್ಯಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರಷ್ಟು ವಿದೇಶಿ ಬಂಡವಾಳಕ್ಕೆ ಅವಕಾಶ ಸಿಕ್ಕಾಗ ಎದ್ದ ಗದ್ದಲವೆಲ್ಲ ದೊಡ್ಡ ನಗರಗಳ ಸುತ್ತಲೇ ತಿರುಗಿತು.

ಒಂದೇ ಹೆಸರು, ಒಂದೇ ದರ, ಒಂದೇ ಸರಬರಾಜು ಎಂಬುದು ಸರಣಿಯ ಲಕ್ಷಣವಾದರೆ, ನಮ್ಮ ಹಳ್ಳಿಗಳಿಗೆ ಮೊದಲು ಬಂದ ಸರಣಿ ನ್ಯಾಯಬೆಲೆ ಅಂಗಡಿ. ಎರಡನೆಯದು ನಂದಿನಿ. ನಂದಿನಿಯ ವಿಶೇಷವೆಂದರೆ ಹಾಲು ಕೊಳ್ಳುವುದೂ ಅದೇ, ಮಾರುವುದೂ ಅದೇ. ಮಲ್ಲಸಂದ್ರದಲ್ಲಿರುವ ತುಮಕೂರು ಹಾಲು ಒಕ್ಕೂಟಕ್ಕೆ ಹಾಲು ಹಾಕಿದವರ ಕೈಗೆ ಬಟವಾಡೆಯ ಹಣ ಬರುತ್ತದೆ. ಅದರಲ್ಲಿ ಒಂದಷ್ಟು ನೇರವಾಗಿ ದಿನಸಿ ಅಂಗಡಿಗೆ ನಡೆಯುತ್ತದೆ.

ಆ ಅಂಗಡಿಯ ಗಲ್ಲಾದ ಸುತ್ತ ಒಮ್ಮೆ ಕಣ್ಣಾಡಿಸಬೇಕು. ಮೇಲಿನ ತಂತಿಗೆ ಶಾಂಪೂ ಸ್ಯಾಷೆಗಳ ಸರ. ಅದರಾಚೆ ಐದು ರೂಪಾಯಿಯ ಟೀಪುಡಿ ಪೊಟ್ಟಣ, ಗುಟ್ಕಾ ಸರ, ಬಿಸ್ಕತ್ತು. ಕೆಳಗೆ ಬೆಲ್ಲದ ಡಬ್ಬ, ತೊಗರಿಬೇಳೆ ಚೀಲ, ತಕ್ಕಡಿ. ಹಣ ಬಂದಿತೆಂದು ಕೂಗಿ ಹೇಳುವ ಕ್ಯೂಆರ್ ಡಬ್ಬಿಯ ಪಕ್ಕದಲ್ಲೇ ಮೂಲೆ ಮುದುರಿದ ಉದ್ದನೆಯ ಉದ್ರಿ ಪುಸ್ತಕ. ಸ್ಯಾಷೆಯನ್ನು ಹಳ್ಳಿಗೆ ಮುಟ್ಟಿಸಿದ್ದು ಕಂಪನಿ, ಏಜೆನ್ಸಿ, ಲೈನ್ ವ್ಯಾನುಗಳ ಸರಪಳಿ. ಸಣ್ಣ ಪ್ರಮಾಣ, ಮನೆಯ ಹತ್ತಿರ, ಹೊತ್ತಲ್ಲದ ಹೊತ್ತು: ಜಪಾನಿನ ಮಳಿಗೆ ಮಾರುವ ಅನುಕೂಲ ಇದೇ ತಾನೆ? ರಾತ್ರಿ ಬಾಗಿಲು ಹಾಕಿದ ಮೇಲೂ ಕೂಗಿದರೆ ಅಂಗಡಿಯ ಶೆಟ್ಟರು ಎದ್ದು ಬರುತ್ತಾರೆ.

ಆದರೆ ಪುಸ್ತಕ ಯಾವ ಕಂಪನಿಯದೂ ಅಲ್ಲ. ಮಳೆಯಾಶ್ರಿತ ಶೇಂಗಾ ಸೀಮೆಯಲ್ಲಿ ಜೂನ್-ಜುಲೈಯಲ್ಲಿ ಬಿತ್ತಿದ್ದು ಅಕ್ಟೋಬರ್-ನವೆಂಬರಿಗೆ ಕೈಗೆ ಬರಬೇಕು, ಅದೂ ಮಳೆ ಮನಸ್ಸು ಮಾಡಿದರೆ. ಹಾಗಾಗಿ ಉದ್ರಿ ಎರಡು ಗಡುವುಗಳಲ್ಲಿ ತೀರುತ್ತದೆ: ಉಪ್ಪು, ಸೋಪಿನ ಬಾಕಿ ಹಾಲಿನ ಬಟವಾಡೆಗೆ, ಹಬ್ಬ, ಮದುವೆಯ ಸಾಮಾನಿನ ಬಾಕಿ ಸುಗ್ಗಿಗೆ. ಬೆಳೆ ಕೈಕೊಟ್ಟರೆ ಬಾಕಿ ಮುಂದಿನ ವರ್ಷದ ಹಾಳೆಗೆ ಏರುತ್ತದೆ. ಯಾರಿಗೆ ಎಷ್ಟರವರೆಗೆ ಬರೆಯಬಹುದು ಎಂಬುದು ಅಂಗಡಿಯವರಿಗೆ ಬಾಯಿಪಾಠ. ಸಂಬಳದ ನೌಕರ ನಡೆಸುವ, ದಿನದ ಸರಕಿನ ಲೆಕ್ಕವನ್ನು ದಿನವೇ ಒಪ್ಪಿಸಬೇಕಾದ ಮಳಿಗೆಗೆ ಈ ವಿವೇಚನೆಯ ಅಧಿಕಾರವೇ ಇರುವುದಿಲ್ಲ. ಹಾಗೆಂದು ಉದ್ರಿಯನ್ನು ಹಾಡಿ ಹೊಗಳಬೇಕಿಲ್ಲ. ಬಾಕಿ ಇಟ್ಟವರು ದರ ಕೇಳುವ ಧೈರ್ಯ ಮಾಡರು, ಬೇರೆ ಅಂಗಡಿಗೆ ಹೋಗಲೂ ಸಂಕೋಚ.

ನಗದು ಬರುವ ಕ್ರಮ ಬದಲಾದರೆ ಈ ಕಟ್ಟು ಸಡಿಲವಾದೀತು. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಗೆ ಬದಲಾಗಿ ತಲೆಗೆ 170 ರೂಪಾಯಿ ಖಾತೆಗೆ ಬಂತು; 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಆ ನಡುವಣ ಹಣದ ಒಂದು ಪಾಲು ದಿನಸಿ ಅಂಗಡಿಗೆ ಹರಿದಿರಬೇಕೆಂದು ನನ್ನ ಊಹೆ. ಇದಕ್ಕಿಂತ ದೊಡ್ಡ ಬದಲಾವಣೆ ಇದೇ ತುಮಕೂರು ಜಿಲ್ಲೆಯ ಪಾವಗಡದ್ದು. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ ಸೌರ ಪಾರ್ಕ್ ಎದ್ದಾಗ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ ಗೊತ್ತಾಯಿತು. ಭೂಮಿ ಇದ್ದವರ ಆದಾಯ ಮಳೆಯ ಹಂಗಿನಿಂದ ಬಿಡಿಸಿಕೊಂಡಿತು. ಅದೇ ಹೊಲಗಳ ಕೂಲಿ ನಂಬಿದ್ದವರ ಸುಗ್ಗಿ ನಿಂತುಹೋಯಿತು. ಮೊದಲನೆಯವರು ನಗದು ಕೊಟ್ಟು ಪೇಟೆಯ ಸೂಪರ್ ಮಾರ್ಕೆಟ್ಟಿನಿಂದ ತಿಂಗಳ ಸಾಮಾನು ತರಬಲ್ಲರು. ಎರಡನೆಯವರಿಗೆ ಊರಿನ ಅಂಗಡಿಯೇ ಗತಿ, ಆದರೆ ಅವರ ಬಾಕಿಗೆ ಆಧಾರವಾಗಿದ್ದ ಗಡುವೇ ಈಗ ಇಲ್ಲ. ನಗದಿನ ಗಿರಾಕಿಗಳು ಪೇಟೆಗೆ ಹೋಗಿ ಉದ್ರಿಯವರಷ್ಟೇ ಉಳಿದರೆ ದಿನಸಿ ಅಂಗಡಿ ಎಷ್ಟು ಕಾಲ ಬಾಗಿಲು ತೆರೆದಿರಬಲ್ಲದು ಎಂಬುದನ್ನು ಪರೀಕ್ಷಿಸಲು ಈ ಐದು ಊರುಗಳಿಗಿಂತ ತಕ್ಕ ಜಾಗ ಜಿಲ್ಲೆಯಲ್ಲಿ ಇನ್ನೊಂದಿಲ್ಲ.