ಸುಂಕದವನ ಮುಂದೆ ಮೊದಲು ಮಾತಾಡಬೇಕಾದವರು ಯಾರು?

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಸುಂಕದವನಿಗೆ ಬೇಕಾದದ್ದು ಗಂಟಿನೊಳಗೆ ಏನಿದೆ ಎಂಬುದು, ಮನಸ್ಸಿನೊಳಗೆ ಏನಿದೆ ಎಂಬುದಲ್ಲ. ಹೆಜ್ಜುಂಕ, ವಡ್ಡರಾವುಳ ಎಂದು ಬಗೆಬಗೆಯ ಸುಂಕಗಳ ಹೆಸರುಗಳು ನಮ್ಮ ಶಾಸನಗಳಲ್ಲಿ ಸಿಗುತ್ತವೆ. ಆ ಸುಂಕಗಳೆಲ್ಲ ಕಣ್ಣಿಗೆ ಕಾಣುವ ಸರಕಿನ ಮೇಲಿನವು. ಎತ್ತಿನ ಮೇಲಿನ ಹೇರು, ಗಾಡಿಯೊಳಗಿನ ಮೂಟೆ. ಸರಕನ್ನು ಕಂಡುಹಿಡಿಯುವುದು ಸುಂಕದವನ ಕೆಲಸವಾಗಿತ್ತು.

ಇಪ್ಪತ್ತನೇ ಶತಮಾನದ ನಡುವೆ ಭಾರತದ ಕಾನೂನು ಈ ಸಂಬಂಧವನ್ನು ತಿರುವಿಹಾಕಿತು. ಚಿನ್ನ ಹೊತ್ತ ಪ್ರಯಾಣಿಕ ತಾನೇ ಮೊದಲು ಬಾಯಿಬಿಡಬೇಕು. ಬಿಡದೆ ಸಿಕ್ಕಿಬಿದ್ದರೆ ಅದು ಕಳ್ಳಮಾಲಲ್ಲ ಎಂದು ತಾನೇ ಸಾಬೀತುಪಡಿಸಬೇಕು. ಇಂದು ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದಲ್ಲಿ ದುಬೈ ವಿಮಾನ ಇಳಿದವರು ಹಸಿರು ದಾರಿಯೋ ಕೆಂಪು ದಾರಿಯೋ ಎಂದು ಒಂದು ಗಳಿಗೆ ಯೋಚಿಸುವುದರ ಹಿಂದೆ ಈ ಬದಲಾವಣೆಯ ಇತಿಹಾಸವಿದೆ. ಅದು ನಡೆದದ್ದು ಬಹುಪಾಲು ವಿಮಾನಗಳಲ್ಲಿ ಅಲ್ಲ, ರೈಲುಗಳಲ್ಲಿ. ಅದರಲ್ಲೂ ಪುಣೆ ಜಂಕ್ಷನ್‌ನಲ್ಲಿ ಕೂಡುವ ಎರಡು ದಾರಿಗಳಲ್ಲಿ.

ಮೊದಲನೆಯದು ದಕ್ಷಿಣದ ದಾರಿ. ಪುಣೆಯಿಂದ ಸಾತಾರಾ, ಮೀರಜ್, ಬೆಳಗಾವಿ ಹಾದು ಲೋಂಡಾ ತಲುಪಿದರೆ ಅಲ್ಲಿಂದ ಒಂದು ಕವಲು ಪಶ್ಚಿಮಕ್ಕೆ ತಿರುಗಿ ಕ್ಯಾಸಲ್‌ರಾಕ್ ಸೇರುತ್ತದೆ. ಇಂದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿರುವ ಈ ಪುಟ್ಟ ನಿಲ್ದಾಣ ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ಗಡಿಯಾಗಿತ್ತು. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದ ಗೋವಾ ಮತ್ತು ಬ್ರಿಟಿಷ್ ಭಾರತದ ನಡುವಿನ ಸುಂಕವನ್ನು ತೆಗೆದುಹಾಕಿ, ಮುರ್ಮುಗೋವಾ ಬಂದರಿನಿಂದ ಘಟ್ಟ ಹತ್ತುವ ರೈಲಿಗೂ ದಾರಿ ಮಾಡಿತ್ತು. 1888ರಲ್ಲಿ ಹಳಿ ಕ್ಯಾಸಲ್‌ರಾಕ್ ಮುಟ್ಟಿತು. ಆದರೆ ಒಪ್ಪಂದ 1892ರ ಹೊತ್ತಿಗೆ ಮುಗಿದು, ಸುಂಕ ಮರಳಿ ಬಂತು. ಪೋರ್ಚುಗೀಸರ ತಪಾಸಣೆ ಕೆಳಗೆ ಕುಳೆಯಲ್ಲಿ, ಈ ಕಡೆಯವರ ತಪಾಸಣೆ ಮೇಲೆ ಕ್ಯಾಸಲ್‌ರಾಕ್‌ನಲ್ಲಿ. ಮುಂಬಯಿ, ಪುಣೆಗಳಲ್ಲಿ ದುಡಿಯುತ್ತಿದ್ದ ಗೋವೆಯವರು ಊರಿಗೆ ಹೋಗಿಬರುವಾಗ ಈ ಕಾಡಿನ ನಿಲ್ದಾಣದಲ್ಲಿ ಟ್ರಂಕು ಬಿಚ್ಚಿ ತೋರಿಸಬೇಕಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಆ ಟ್ರಂಕಿನಲ್ಲಿ ಅಧಿಕಾರಿಗಳು ಹುಡುಕುವ ವಸ್ತು ಬದಲಾಯಿತು. ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ 1947ರ ಮಾರ್ಚ್ 25ರಂದು ಜಾರಿಗೆ ಬಂತು. 1948ರ ಆಗಸ್ಟ್ 25ರ ಅಧಿಸೂಚನೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಹೊರಗಿನಿಂದ ಚಿನ್ನ ತರುವಂತಿರಲಿಲ್ಲ. ಕಾರಣ ಸರಳ. ಚಿನ್ನ ಕೊಳ್ಳಲು ಡಾಲರು, ಪೌಂಡು ಬೇಕು. ಅವನ್ನು ಯಂತ್ರಗಳಿಗೂ ಧಾನ್ಯಕ್ಕೂ ಉಳಿಸಬೇಕಿತ್ತು. ಆದರೆ ಮದುವೆಗಳು ನಿಲ್ಲಲಿಲ್ಲ, ಚಿನ್ನದ ಬೇಡಿಕೆಯೂ ನಿಲ್ಲಲಿಲ್ಲ. ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ಅಂತರ ಬೆಳೆಯಿತು. ಗೋವೆಯಲ್ಲಿ ಮುಕ್ತವಾಗಿ ಸಿಗುತ್ತಿದ್ದ ಚಿನ್ನ ಘಟ್ಟ ಹತ್ತತೊಡಗಿತು.

1955ರಲ್ಲಿ ಈ ದಾರಿ ಮುಚ್ಚಿತು. ಅದಕ್ಕೂ ಪುಣೆಯ ನಂಟಿದೆ. ಗೋವಾ ವಿಮೋಚನೆಗೆ ನೆರವಾಗಲು ಹುಟ್ಟಿದ ಸಮಿತಿಯ ಕೇಂದ್ರ ಪುಣೆ. ಎಸ್. ಎಂ. ಜೋಶಿ, ನಾನಾಸಾಹೇಬ ಗೋರೆ, ಕೇಶವರಾವ್ ಜೇಧೆ ಅದರ ಮುಂದಾಳುಗಳು. ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಭಾರತ ಗಡಿಯನ್ನು ಬಿಗಿಯಾಗಿ ಮುಚ್ಚಿತು, ರೈಲು ನಿಂತಿತು. ಚಿನ್ನ ಮಾತ್ರ ನಿಲ್ಲಲಿಲ್ಲ. ಕಾಡುದಾರಿಗಳಲ್ಲೂ ದೋಣಿಗಳಲ್ಲೂ ಬಂತು.

ಅದೇ 1955ರಲ್ಲಿ ಸಂಸತ್ತು ಸಾಗರ ಸುಂಕ ಕಾಯ್ದೆಗೆ 178ಎ ಎಂಬ ಹೊಸ ಕಲಮು ಸೇರಿಸಿತು. ಚಿನ್ನ, ವಜ್ರ, ಸಿಗರೇಟು, ಸೌಂದರ್ಯ ಸಾಧನಗಳಂಥ ಸರಕು ಕಳ್ಳಮಾಲೆಂದು ನಂಬಲು ತಕ್ಕ ಕಾರಣವಿದ್ದು ಅಧಿಕಾರಿ ಅದನ್ನು ವಶಪಡಿಸಿಕೊಂಡರೆ, ಅದು ಕಳ್ಳಮಾಲಲ್ಲ ಎಂದು ತೋರಿಸುವ ಹೊಣೆ ಹೊಂದಿದವನದು. ಆರೋಪ ಮಾಡಿದವರೇ ರುಜುವಾತು ಕೊಡಬೇಕು ಎಂಬ ಸಾಮಾನ್ಯ ನ್ಯಾಯಕ್ಕೆ ಇದು ತದ್ವಿರುದ್ಧ. ಆದರೆ ಸರ್ಕಾರದ ಕಷ್ಟವೂ ಸುಳ್ಳಲ್ಲ. ಬಟ್ಟೆಗೆ ಗಿರಣಿಯ ಮುದ್ರೆಯಿರುತ್ತದೆ, ಗಡಿಯಾರಕ್ಕೆ ಸಂಖ್ಯೆಯಿರುತ್ತದೆ. ಚಿನ್ನವನ್ನು ಒಮ್ಮೆ ಕರಗಿಸಿದರೆ ಅದು ಕೋಲಾರದ ಗಣಿಯದೋ, ಅಜ್ಜಿಯ ಬಳೆಯದೋ, ಹಡಗಿನಲ್ಲಿ ಬಂದದ್ದೋ ಎಂದು ಹೇಳುವ ಗುರುತೇ ಉಳಿಯುವುದಿಲ್ಲ. ಚಿನ್ನ ಬಾಯಿಬಿಡದ್ದರಿಂದ ಅದನ್ನು ಹೊತ್ತವನು ಬಾಯಿಬಿಡಲಿ ಎಂದಿತು ಕಾನೂನು.

ಇದರ ಪರೀಕ್ಷೆ ನಡೆದದ್ದು ಪುಣೆಯ ಎರಡನೇ ದಾರಿಯಲ್ಲಿ, ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರಗಿ, ರಾಯಚೂರು ಹಾದು ಮದ್ರಾಸಿಗೆ ಹೋಗುವ ಹಳಿಯಲ್ಲಿ. 1956ರ ಜೂನ್ 24ರ ಬೆಳಿಗ್ಗೆ ಮುಂಬಯಿ ರೈಲಿನಿಂದ ಮದ್ರಾಸ್ ಸೆಂಟ್ರಲ್‌ನಲ್ಲಿ ಇಳಿದ ಒಬ್ಬ ನೌಕರನ ಬಳಿ ಸುಮಾರು 1,000 ತೊಲ, ಅಂದರೆ ಹನ್ನೊಂದೂವರೆ ಕಿಲೋಗೂ ಹೆಚ್ಚು ಚಿನ್ನದ ಗಟ್ಟಿಗಳು ಸಿಕ್ಕವು. ಅವನು ಮದ್ರಾಸಿನ ನಾಥೆಲ್ಲಾ ಸಂಪತ್ತು ಚೆಟ್ಟಿ ಅಂಗಡಿಯವನು. ಮುಂಬಯಿಯಲ್ಲೇ ಕೊಂಡು ಕರಗಿಸಿದ್ದು ಎಂದಿತು ಅಂಗಡಿ. ಅವನು ಯಾವ ದೇಶದ ಗಡಿಯನ್ನೂ ದಾಟಿರಲಿಲ್ಲ, ದೇಶದೊಳಗಿನ ಟಿಕೆಟ್ಟಿನಲ್ಲಿ ಬಂದಿದ್ದ. ಮದ್ರಾಸ್ ಹೈಕೋರ್ಟು 178ಎ ಸಂವಿಧಾನಕ್ಕೆ ವಿರುದ್ಧ ಎಂದಿತು. 1961ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಕಲಮನ್ನು ಎತ್ತಿಹಿಡಿಯಿತು. ಸುಂಕದ ಗಡಿ ಅಂದಿನಿಂದ ನಕ್ಷೆಯ ಗೆರೆಯಾಗಿ ಉಳಿಯಲಿಲ್ಲ. ಚಿನ್ನ ಹೊತ್ತವನು ಎಲ್ಲಿ ನಿಂತರೆ ಅಲ್ಲಿಗೇ ಬಂತು.

ಸಾಬೀತಿನ ಹೊಣೆಯ ಜೊತೆಗೆ, ನಿಯಮವನ್ನು ತಿಳಿದಿರುವ ಹೊಣೆಯೂ ಪ್ರಯಾಣಿಕನ ಹೆಗಲೇರಿದ್ದು ಮರುವರ್ಷ. 1962ರ ನವೆಂಬರ್ 28ರಂದು ಜ್ಯೂರಿಕ್‌ನಿಂದ ಮನಿಲಾಕ್ಕೆ ಹೊರಟಿದ್ದ ಸ್ವಿಸ್‌ಏರ್ ವಿಮಾನ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ತಂಗಿತು. ಮೇಯರ್ ಹಾನ್ಸ್ ಜಾರ್ಜ್ ಎಂಬ ಜರ್ಮನ್ ಪ್ರಯಾಣಿಕ ಕೆಳಗಿಳಿಯದೆ ವಿಮಾನದಲ್ಲೇ ಉಳಿದಿದ್ದ. ಅವನು ತೊಟ್ಟಿದ್ದ ಜಾಕೆಟ್ಟಿನಲ್ಲಿ 34 ಕಿಲೋ ಚಿನ್ನ ಸಿಕ್ಕಿತು. ಭಾರತದ ಮೂಲಕ ಹಾದುಹೋಗುವ ಚಿನ್ನಕ್ಕೆ ಹಿಂದೆ ವಿನಾಯಿತಿ ಇತ್ತು. ಅಂಥ ಚಿನ್ನವನ್ನೂ ವಿಮಾನದ ಸರಕುಪಟ್ಟಿಯಲ್ಲಿ ತೋರಿಸಲೇಬೇಕು ಎಂದು ರಿಸರ್ವ್ ಬ್ಯಾಂಕು ನವೆಂಬರ್ 8ರಂದು ಹೊಸ ಅಧಿಸೂಚನೆ ಹೊರಡಿಸಿತ್ತು. ಅದು ಗೆಜೆಟ್ಟಿನಲ್ಲಿ ಪ್ರಕಟವಾದದ್ದು 24ರಂದು, ಅಂದರೆ ವಿಮಾನ ಇಳಿಯುವ ನಾಲ್ಕು ದಿನ ಮೊದಲು.

ಬಾಂಬೆ ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತು. 1964ರಲ್ಲಿ ಸುಪ್ರೀಂ ಕೋರ್ಟಿನ ಮೂವರಲ್ಲಿ ಇಬ್ಬರು ಅವನನ್ನು ಮತ್ತೆ ತಪ್ಪಿತಸ್ಥನೆಂದರು. ಕಾನೂನು ಭಾರತದಲ್ಲಿ ಪ್ರಕಟವಾದರೆ ಸಾಕು, ಸ್ವಿಟ್ಜರ್ಲೆಂಡಿನಲ್ಲಿ ಕೂತವನಿಗೆ ತಲುಪಬೇಕಿಲ್ಲ ಎಂಬುದು ಬಹುಮತದ ನಿಲುವು. ತಿಳಿಯದ ನಿಯಮವನ್ನು ಮುರಿದವನಲ್ಲಿ ಅಪರಾಧದ ಮನಸ್ಸು ಎಲ್ಲಿದೆ ಎಂದು ಕೇಳಿ ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. ಕೊನೆಗೆ ಶಿಕ್ಷೆಯನ್ನು ಅವನು ಆಗಲೇ ಅನುಭವಿಸಿದ ಅವಧಿಗೆ ಇಳಿಸಲಾಯಿತು. ಮೈಮೇಲೆ 34 ಕಿಲೋ ಕಟ್ಟಿಕೊಂಡವನ ಬಗ್ಗೆ ಮರುಗುವುದು ಕಷ್ಟ. ಆದರೆ ಆ ತೀರ್ಪಿನ ತತ್ವ ಮುಂದೆ ಅನ್ವಯಿಸಿದ್ದು ಕೈಯಲ್ಲಿ ಎರಡು ಬಳೆ ಇದ್ದವರಿಗೂ.

ಸಾಗರ ಸುಂಕ ಕಾಯ್ದೆಯ ಜಾಗಕ್ಕೆ 1963ರ ಫೆಬ್ರವರಿ 1ರಂದು ಹೊಸ ಸುಂಕ ಕಾಯ್ದೆ ಬಂತು. ಹಳೆಯ 178ಎ ಅದರ 123ನೇ ಕಲಮಾಯಿತು. ಸಾಮಾನು ಬಿಡಿಸಿಕೊಳ್ಳುವವರು ಅದರಲ್ಲಿರುವುದನ್ನು ಘೋಷಿಸಬೇಕು ಎಂಬುದು 77ನೇ ಕಲಮು. ಅದಕ್ಕೂ ಮೂರು ವಾರ ಮೊದಲೇ, ಚೀನಾ ಯುದ್ಧದ ಬೆನ್ನಿಗೆ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಸ್ವರ್ಣ ನಿಯಂತ್ರಣ ತಂದಿದ್ದರು. 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ! ಕಳ್ಳಸಾಗಣೆಯವರಿಗೆ ಬಿಗಿದ ಕುಣಿಕೆ ಅಕ್ಕಸಾಲಿಗರ ಕೊರಳಿಗೆ ಬಿತ್ತು. ಪುಣೆಯ ಲಕ್ಷ್ಮೀ ರಸ್ತೆಯಿಂದ ಉಡುಪಿಯ ತೇರುಬೀದಿಯವರೆಗೆ ಇದೇ ಕಸುಬನ್ನು ನಂಬಿದ್ದ ಮನೆಗಳಿಗೆ ಕೆಲಸವಿಲ್ಲದಾಯಿತು. ದೇಶದ ಹಲವೆಡೆ ಅಕ್ಕಸಾಲಿಗರು ಆತ್ಮಹತ್ಯೆ ಮಾಡಿಕೊಂಡರು. 14 ಕ್ಯಾರೆಟ್ಟಿನ ಕಟ್ಟು ಸಡಿಲವಾದರೂ ನಿಯಂತ್ರಣ 1968ರ ಕಾಯ್ದೆಯಾಗಿ ಉಳಿಯಿತು. ಕಳ್ಳಸಾಗಣೆ ತಗ್ಗಲಿಲ್ಲ. ದುಬೈಯಿಂದ ಹತ್ತು ತೊಲದ 'ಬಿಸ್ಕತ್ತು'ಗಳು ಕರಾವಳಿಗೆ ಬರುತ್ತಲೇ ಇದ್ದವು.

1990ರಲ್ಲಿ ಆ ಕಾಯ್ದೆಯನ್ನು ರದ್ದು ಮಾಡಿದ ಹಣಕಾಸು ಮಂತ್ರಿ ಮಧು ದಂಡವತೆ. 1955ರಲ್ಲಿ ಗೋವಾ ಗಡಿಗೆ ಸತ್ಯಾಗ್ರಹಿಗಳ ತಂಡ ಕರೆದೊಯ್ದವರಲ್ಲಿ ಅವರೂ ಒಬ್ಬರು. ಮರುವರ್ಷ ವಿದೇಶಿ ವಿನಿಮಯ ಬರಿದಾಗಿ, ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಒತ್ತೆಯಿಡಬೇಕಾಯಿತು. 1992ರಲ್ಲಿ ಮನಮೋಹನ್ ಸಿಂಗ್, ವಿದೇಶದಲ್ಲಿ ಕನಿಷ್ಠ ಆರು ತಿಂಗಳಿದ್ದು ಮರಳುವ ಭಾರತೀಯರು 5 ಕಿಲೋವರೆಗೆ ಚಿನ್ನ ತರಬಹುದೆಂದರು. ಸುಂಕವನ್ನು ಮಾತ್ರ ವಿದೇಶಿ ಹಣದಲ್ಲೇ ಕಟ್ಟಬೇಕು. ನಲವತ್ತು ವರ್ಷ ಅಪರಾಧವಾಗಿದ್ದ ಹೊರೆ ದೇಶಕ್ಕೆ ಡಾಲರು ತರುವ ಉಪಾಯವಾಯಿತು.

ನಿಯಮ ಸಡಿಲವಾಯಿತು, ಆದರೆ ಮೊದಲು ಹೇಳಬೇಕಾದವರು ಪ್ರಯಾಣಿಕರೇ ಎಂಬ ತತ್ವ ಬದಲಾಗಲಿಲ್ಲ. ವಿದೇಶಿ ಹಣದ ನಿಯಮವೂ ಅದೇ ಜಾಡಿನದು. ಎಷ್ಟು ಬೇಕಾದರೂ ತರಬಹುದು, ಆದರೆ ನೋಟುಗಳು 5,000 ಡಾಲರಿನ ಮೌಲ್ಯವನ್ನೋ, ಒಟ್ಟು ಮೊತ್ತ 10,000 ಡಾಲರನ್ನೋ ದಾಟಿದರೆ ಬರೆದು ಘೋಷಿಸಬೇಕು. ಒಡವೆಯದು ಇನ್ನಷ್ಟು ಗೋಜಲು. ವಿದೇಶದಲ್ಲಿ ಒಂದು ವರ್ಷಕ್ಕೂ ಹೆಚ್ಚು ನೆಲೆಸಿದ್ದು ಬರುವ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಒಡವೆ ಸುಂಕವಿಲ್ಲದೆ ಎಂದಿತು 2016ರ ನಿಯಮ. ಜೊತೆಗೇ 50,000 ಮತ್ತು 1,00,000 ರೂಪಾಯಿಗಳ ಬೆಲೆಮಿತಿ ಇಟ್ಟಿತು. 2024ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ 70,000 ದಾಟಿದಾಗ ಕಾಗದದ ಮೇಲಿನ ನಲವತ್ತು ಗ್ರಾಂ ಕೈಗೆ ಬರುವಾಗ ಹದಿನೈದಕ್ಕೂ ಕಡಿಮೆಯಾಯಿತು. ನಾಲ್ಕು ದಿನ ದುಬೈ ನೋಡಿ ಬಂದವರಿಗಂತೂ ಈ ವಿನಾಯಿತಿ ಇರಲೇ ಇಲ್ಲ.

ಹಾಗಾದರೆ ಊರಿನಿಂದ ಹೊರಡುವಾಗಲೇ ಮೈಮೇಲಿದ್ದ ಮಾಂಗಲ್ಯದ ಸರದ ಗತಿಯೇನು? ಧರಿಸುವ ಒಡವೆಯೂ ಸ್ವಂತ ಬಳಕೆಯ ವಸ್ತುವೇ ಎಂಬ ನಿಲುವನ್ನು ನ್ಯಾಯಾಲಯಗಳು ತಳೆದದ್ದುಂಟು. 2017ರಲ್ಲಿ ಸುಪ್ರೀಂ ಕೋರ್ಟು ವಿದೇಶದಲ್ಲಿ ನೆಲೆಸಿದ್ದ ಮಹಿಳೆಯೊಬ್ಬರ ಪ್ರಕರಣದಲ್ಲಿ ಹಾಗೆ ಹೇಳಿತು. ಅವರು ದೆಹಲಿಯಲ್ಲಿ ಒಡವೆಯೊಂದಿಗೆ ಇಳಿದಿದ್ದು 2002ರಲ್ಲಿ. ತೀರ್ಪಿಗೆ ಹದಿನೈದು ವರ್ಷ ಹಿಡಿಯಿತು.

ಅಷ್ಟು ಕಾಲ ಕಾಯಲಾಗದವರಿಗೆ ಒಂದು ಸಣ್ಣ ದಾರಿಯಿದೆ. ವಿದೇಶಕ್ಕೆ ಹೊರಡುವ ದಿನವೇ ಸುಂಕದ ಅಧಿಕಾರಿಗೆ ಒಡವೆ ತೋರಿಸಿ ಪ್ರಮಾಣಪತ್ರ ಬರೆಸಿಕೊಳ್ಳಬಹುದು. ಮರಳುವಾಗ ಅದೇ ಸಾಕ್ಷಿ. ಹೊರಡುವ ಗಡಿಬಿಡಿಯಲ್ಲಿ ಹೆಚ್ಚಿನವರಿಗೆ ಇದು ನೆನಪಾಗುವುದಿಲ್ಲ. ಅಮ್ಮನಿಂದ ಬಂದ ಸರಕ್ಕೆ ರಸೀತಿ ಎಲ್ಲಿಯದು? ಅದನ್ನು ಕೊಟ್ಟವರು, ಕೊಟ್ಟ ದಿನ, ಮಾಡಿದ ಅಕ್ಕಸಾಲಿಗನ ಹೆಸರು ಮನೆಮಂದಿಗೆಲ್ಲ ಗೊತ್ತು. ಆದರೆ ಅವೆಲ್ಲ ಸುಖದುಃಖದ ಮಾತು. ಮೇಜಿನ ಆಚೆ ಕೂತವರು 1955ರಿಂದ ಕೇಳುತ್ತಿರುವುದು ಕಾಗದವನ್ನು.