ಗಗನಸಖಿ ತೋರಿಸುತ್ತಾಳೆ, ಯಾರು ನೋಡುತ್ತಾರೆ?

1985ರ ಆಗಸ್ಟ್ 22. ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ ಟೇಕಾಫ್‌ಗೆ ಓಡುತ್ತಿದ್ದ ಬ್ರಿಟಿಷ್ ಏರ್‌ಟೂರ್ಸ್ ವಿಮಾನದ ಎಂಜಿನ್ ಒಡೆದು ಬೆಂಕಿ ಹತ್ತಿತು. ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ. ಆದರೂ 55 ಜನ ಸತ್ತರು, ಹೆಚ್ಚಿನವರು ಹೊಗೆಯಿಂದಲೇ. ರೆಕ್ಕೆಯ ಮೇಲಿನ ತುರ್ತು ಬಾಗಿಲ ಪಕ್ಕ ಕೂತಿದ್ದ ಪ್ರಯಾಣಿಕರೊಬ್ಬರು ಗಾಬರಿಯಲ್ಲಿ ಎಳೆದದ್ದು ಬಾಗಿಲಿಗೇ ಜೋಡಿಸಿದ್ದ ತೋಳಾಸರೆಯನ್ನು. ಜೊತೆಯಲ್ಲಿದ್ದವರು ಕೈಚಾಚಿ ಸರಿಯಾದ ಹಿಡಿ ಎಳೆದಾಗ ಸುಮಾರು 22 ಕಿಲೋ ತೂಕದ ಬಾಗಿಲು ಒಳಕ್ಕೇ ಬಿದ್ದು ಪಕ್ಕ ಕೂತಿದ್ದ ಆ ಪ್ರಯಾಣಿಕರನ್ನು ಸೀಟಿಗೆ ಒತ್ತಿಹಿಡಿಯಿತು. ಒಂದೊಂದು ಕ್ಷಣಕ್ಕೂ ಜೀವದ ಬೆಲೆಯಿದ್ದ ಹೊತ್ತು ಅದು.

ಅರ್ಧದಷ್ಟು ಬಾಗಿಲುಗಳಿಂದಲೇ ವಿಮಾನ 90 ಸೆಕೆಂಡಿನಲ್ಲಿ ಖಾಲಿಯಾಗಬೇಕು ಎಂಬ ನಿಯಮ ಅಮೆರಿಕದಲ್ಲಿ 1967ರಿಂದಲೇ ಇತ್ತು. ಆದರೆ ಭಯಬಿದ್ದ ಮನುಷ್ಯ ಹೇಗೆ ವರ್ತಿಸುತ್ತಾನೆ ಎಂಬುದು ಆ ಲೆಕ್ಕದಲ್ಲಿರಲಿಲ್ಲ. ಮ್ಯಾಂಚೆಸ್ಟರ್ ನಂತರ ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ಸಂಸ್ಥೆಯ ಸಂಶೋಧಕಿ ಹೆಲೆನ್ ಮ್ಯೂರ್ ಇದನ್ನೇ ಪರೀಕ್ಷೆಗೆ ಒಡ್ಡಿದರು. ಮೊದಲು ಹೊರಬಂದ ಅರ್ಧ ಜನರಿಗೆ ಐದು ಪೌಂಡ್ ಇನಾಮು ಎಂದದ್ದೇ ತಡ, ಸಾಲಾಗಿ ಬರಬೇಕಾದವರು ಬಾಗಿಲಲ್ಲಿ ಸಿಕ್ಕಿಬಿದ್ದರು.

ಇಂಥ ಹೊತ್ತಿಗೆಂದೇ ವಿಮಾನ ಹೊರಡುವ ಮುನ್ನ ಗಗನಸಖಿ ಸುರಕ್ಷತಾ ಪ್ರಾತ್ಯಕ್ಷಿಕೆ ತೋರಿಸುತ್ತಾಳೆ. ಆದರೆ ಅದನ್ನು ನೋಡುವುದು ಬೇರೆ, ನೆನಪಿಟ್ಟು ಮಾಡುವುದು ಬೇರೆ. 1996ರಲ್ಲಿ ಅಪಹೃತ ಇಥಿಯೋಪಿಯನ್ ವಿಮಾನ ಕೊಮೊರೊಸ್ ಬಳಿ ಕಡಲಿಗಿಳಿದಾಗ ಹಲವರು ಒಳಗಿದ್ದಾಗಲೇ ಲೈಫ್ ಜಾಕೆಟ್ ಉಬ್ಬಿಸಿಕೊಂಡರು. ನುಗ್ಗಿದ ನೀರು ಅವರನ್ನು ಚಾವಣಿಗೆ ಎತ್ತಿತು. ಮುಳುಗಿ ಬಾಗಿಲಿನತ್ತ ಸಾಗಲು ಜಾಕೆಟ್ಟೇ ಬಿಡಲಿಲ್ಲ. 175 ಜನರಲ್ಲಿ 125 ಮಂದಿ ಸತ್ತರು. 2009ರಲ್ಲಿ ಹಡ್ಸನ್ ನದಿಗಿಳಿದ ವಿಮಾನದಲ್ಲಿ 155 ಜನರೂ ಉಳಿದರು ನಿಜ. ಆದರೆ ಅವರಲ್ಲಿ ಹೆಚ್ಚಿನವರು ಪ್ರಾತ್ಯಕ್ಷಿಕೆ ನೋಡಿರಲಿಲ್ಲ, ಜಾಕೆಟ್ ಹಾಕಿಕೊಂಡು ಹೊರಬಂದವರೂ ಕೆಲವರೇ.

ಪ್ರಾತ್ಯಕ್ಷಿಕೆಯತ್ತ ಗಮನ ಸೆಳೆಯಲು ವಿಮಾನ ಕಂಪನಿಗಳ ಪೈಪೋಟಿ ಶುರುವಾದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಏರ್ ನ್ಯೂಜಿಲೆಂಡ್ 2009ರಲ್ಲಿ ಸಿಬ್ಬಂದಿಯ ಮೈಗೆ ಸಮವಸ್ತ್ರದ ಬಣ್ಣ ಬಳಿದು ಸುರಕ್ಷತಾ ವಿಡಿಯೊ ಮಾಡಿತು, 2012ರಲ್ಲಿ ಸಿನಿಮಾದ ಹಾಬಿಟ್‌ಗಳನ್ನು ಕರೆತಂದಿತು. ಏರ್ ಇಂಡಿಯಾ 2024ರಲ್ಲಿ ಭರತನಾಟ್ಯ, ಕಥಕ್ಕಳಿ, ಬಿಹುಗಳಲ್ಲಿ ಸೀಟ್ ಬೆಲ್ಟ್ ಕಟ್ಟಿಸಿತು. ಇವು ಕಣ್ಣಿಗೆ ಹಬ್ಬವೇ. ಆದರೆ ಅಂದದ ವೇಷ ನೆನಪುಳಿದು, ಬಾಗಿಲ ಹಿಡಿ ಯಾವ ಕಡೆ ತಿರುಗುತ್ತದೆ ಎಂಬುದು ಮರೆತರೆ ಆ ಶ್ರಮ ದಕ್ಕುವುದಿಲ್ಲ. 2018ರಲ್ಲಿ ಸೌತ್‌ವೆಸ್ಟ್ ವಿಮಾನದ ಎಂಜಿನ್ ಒಡೆದು ಕಿಟಕಿ ಹಾರಿಹೋದಾಗ ಪ್ರಯಾಣಿಕರು ತೆಗೆದ ಚಿತ್ರಗಳಲ್ಲಿ ಆಮ್ಲಜನಕದ ಮಾಸ್ಕ್ ಬರೀ ಬಾಯಿಗಿದೆ, ಮೂಗು ಹೊರಗಿದೆ. ಎರಡನ್ನೂ ಮುಚ್ಚಿ ಎಂದು ಹೇಳದ ಪ್ರಾತ್ಯಕ್ಷಿಕೆ ಇಲ್ಲ!

ಜಪಾನ್ ಏರ್‌ಲೈನ್ಸ್ ಹಿಡಿದದ್ದು ಇನ್ನೊಂದು ದಾರಿ. ಬ್ಯಾಗ್ ಹೊತ್ತು ಹೊರಟರೆ ಏನಾಗುತ್ತದೆ ಎಂಬುದನ್ನು ಅದರ ವಿಡಿಯೊ ನೇರವಾಗಿ ತೋರಿಸುತ್ತದೆ. 2024ರ ಜನವರಿ 2ರಂದು ಟೋಕಿಯೊದ ಹನೇಡ ನಿಲ್ದಾಣದಲ್ಲಿ ಆ ಕಂಪನಿಯ ಎ350 ವಿಮಾನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಿತು. ಆ ಚಿಕ್ಕ ವಿಮಾನದಲ್ಲಿ ಐವರು ಸತ್ತರು. ಎ350ರ ಧ್ವನಿವರ್ಧಕ ಕೆಟ್ಟಿತ್ತು, ಎಂಟು ಬಾಗಿಲುಗಳಲ್ಲಿ ಬಳಕೆಗೆ ಬಂದದ್ದು ಮೂರೇ. ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿದರು. ಪ್ರಯಾಣಿಕರು ಲಗೇಜನ್ನು ತಲೆಯ ಮೇಲಿನ ಗೂಡಲ್ಲೇ ಬಿಟ್ಟು ಜಾರುಬಂಡಿಯತ್ತ ನಡೆದರು. 379 ಜನರೂ ಜೀವಂತ ಹೊರಬಂದರು.