ಮ್ಯಾಲ ಕರೆಂಟ್ ಹೋದ್ರ?

ನಾನು ಹೈಸ್ಕೂಲಿನಲ್ಲಿದ್ದಾಗ ಕಕ್ಕೇರಾದ ನಮ್ಮ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದುದು ಹೆಚ್ಚಾಗಿ ರಾತ್ರಿ ಹೊತ್ತು. ನಾರಾಯಣಪುರದ ಬಸವಸಾಗರ ಅಣೆಕಟ್ಟು ನಮ್ಮೂರಿಗೆ ಬಹಳ ದೂರವಿಲ್ಲ. ಆದರೆ ನಮ್ಮದು ಕಾಲುವೆ ನೀರು ಹತ್ತದ ಎತ್ತರದ ಹೊಲ, ಬೋರಿನ ಮೋಟಾರೇ ಗತಿ. ಮುತ್ಯಾ ಕೈಯಲ್ಲಿ ಬ್ಯಾಟರಿ ಹಿಡಿದು ಬದುವಿನ ಮೇಲೆ ಕೂರುತ್ತಿದ್ದ, ನಾನು ಪಕ್ಕದಲ್ಲಿ. ಒಂದು ರಾತ್ರಿ ಮೋಟಾರು ತಟ್ಟನೆ ನಿಂತಿತು. ದೂರದಲ್ಲಿ ಊರಿನ ದೀಪಗಳೂ ಆರಿದವು. ಅದೇ ಹೊತ್ತಿಗೆ ತಲೆಯ ಮೇಲೆ ಒಂದು ವಿಮಾನ ದೀಪ ಮಿಣುಕಿಸುತ್ತ ಹೋಯಿತು. ಮುತ್ಯಾ ಕತ್ತೆತ್ತಿ ನೋಡಿ ಕೇಳಿದ: "ಅಲ್ಲೋ ತಮ್ಮಾ, ಮ್ಯಾಲ ಹೋದಾಗ ಕರೆಂಟ್ ಹೋದ್ರ ಅವ್ರು ಏನ್ ಮಾಡ್ತಾರ?"

"ವಿಮಾನದಾಗ ಕರೆಂಟ್ ಹೋಗಂಗಿಲ್ಲ ಮುತ್ಯಾ" ಎಂದುಬಿಟ್ಟೆ. ಅದು ತಪ್ಪು ಉತ್ತರವೆಂದು ತಿಳಿಯಲು ಬಹಳ ವರ್ಷ ಬೇಕಾದವು. ಅಲ್ಲಿಯೂ ಕರೆಂಟ್ ಹೋಗುತ್ತದೆ. ಹೋದಾಗ ಏನು ಮಾಡಬೇಕೆಂಬುದನ್ನು ಮನುಷ್ಯರು ಕಲಿತದ್ದು ಬಹುಮಟ್ಟಿಗೆ ಸಾವುಗಳಿಂದ.

ವಿಮಾನವನ್ನು ಗಾಳಿಯಲ್ಲಿ ಹಿಡಿದಿರುವುದು ಕರೆಂಟಲ್ಲ, ರೆಕ್ಕೆ ಮತ್ತು ಎಂಜಿನ್. ಎಂಜಿನ್ ತಿರುಗುವಾಗ ಅದರೊಂದಿಗೆ ಜನರೇಟರ್ ತಿರುಗಿ ವಿದ್ಯುತ್ ಹುಟ್ಟುತ್ತದೆ. ಜನರೇಟರ್ ಕೆಟ್ಟಿತೆಂದು ಎಂಜಿನ್ ನಿಲ್ಲುವುದಿಲ್ಲ. ಆದರೆ ಪೈಲಟ್‌ನ ಕಣ್ಣು ಹೋಗುತ್ತದೆ. ಕತ್ತಲಲ್ಲಿ, ಮೋಡದಲ್ಲಿ, ವಿಮಾನ ಯಾವ ಕಡೆ ವಾಲಿದೆಯೆಂದು ಮೈಗೆ ತಿಳಿಯುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳುತ್ತದೆ. ನಿಜ ಹೇಳುವುದು ಕೃತಕ ದಿಗಂತವೆಂಬ ಉಪಕರಣ. ಅದಕ್ಕೆ ವಿದ್ಯುತ್ ಬೇಕು.

1969ರ ಜನವರಿ 18ರ ಸಂಜೆ ಲಾಸ್ ಏಂಜಲೀಸ್‌ನಿಂದ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 727 ಒಂದು ಹೊರಟಿತು. ಅದರ ಮೂರು ಜನರೇಟರ್‌ಗಳಲ್ಲಿ ಒಂದು ಮೊದಲೇ ಕೆಟ್ಟಿತ್ತು. ಎರಡರ ಮೇಲೆ ಹಾರಲು ನಿಯಮದಲ್ಲಿ ಅವಕಾಶವಿತ್ತು. ಮೇಲೇರಿದ ಸ್ವಲ್ಪ ಹೊತ್ತಿಗೆ ಒಂದು ಎಂಜಿನ್‌ನಲ್ಲಿ ಬೆಂಕಿಯ ಎಚ್ಚರಿಕೆ ಬಂದು ಅದನ್ನು ನಿಲ್ಲಿಸಿದರು. ಅಲ್ಲಿಗೆ ಎರಡನೆಯ ಜನರೇಟರೂ ಹೋಯಿತು. ಪೂರ್ತಿ ಭಾರ ಬಿದ್ದ ಮೂರನೆಯದೂ ಕೈಕೊಟ್ಟಿತು. ಬ್ಯಾಟರಿಯ ಆಸರೆಯೂ ಸಿಗಲಿಲ್ಲ. ಮೋಡ ಕವಿದ ಕತ್ತಲಲ್ಲಿ ದಿಗಂತ ತೋರಿಸುವ ಎಲ್ಲ ಉಪಕರಣಗಳೂ ಸತ್ತವು. ವಿಮಾನ ಸಮುದ್ರಕ್ಕೆ ಬಿದ್ದು 38 ಮಂದಿಯೂ ತೀರಿಕೊಂಡರು. ಮುಂದೆ ದೊಡ್ಡ ಜೆಟ್ ವಿಮಾನಗಳಿಗೆ ಪ್ರತ್ಯೇಕ ವಿದ್ಯುತ್ ಮೂಲವಿರುವ, ಜನರೇಟರ್‌ಗಳು ಹೋದರೂ ಕನಿಷ್ಠ 30 ನಿಮಿಷ ನಡೆಯುವ ಇನ್ನೊಂದು ಕೃತಕ ದಿಗಂತ ಕಡ್ಡಾಯವಾಯಿತು.

ಎರಡನೆಯ ಕಣ್ಣು ಇದ್ದರೆ ಸಾಕೆ? ಸಾಲದು ಎಂಬುದಕ್ಕೆ ನಮ್ಮ ದೇಶದ್ದೇ ಸಾಕ್ಷಿಯಿದೆ. 1978ರ ಜನವರಿ 1ರ ರಾತ್ರಿ ಮುಂಬೈಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747ರಲ್ಲಿ ಕರೆಂಟ್ ಹೋಗಿರಲಿಲ್ಲ. ಕ್ಯಾಪ್ಟನ್ ಎದುರಿನ ದಿಗಂತಸೂಚಕ ಮಾತ್ರ ಕೆಟ್ಟಿತು. ವಿಮಾನ ಬಲಕ್ಕೇ ವಾಲಿದೆ ಎಂದು ಅದು ತೋರಿಸುತ್ತಿತ್ತು. ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು. ಬೇರೆ ಉಪಕರಣವನ್ನು ನಂಬುವಂತೆ ಫ್ಲೈಟ್ ಎಂಜಿನಿಯರ್ ಸೂಚಿಸಲು ಯತ್ನಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಅರಬ್ಬೀ ಸಮುದ್ರದಲ್ಲಿ 213 ಜನ ಸತ್ತರು. ಒಂದು ಸುಳ್ಳು ಹೇಳುವಾಗ ಉಳಿದವನ್ನು ಕೇಳುವ ಅಭ್ಯಾಸವೂ ಬೇಕೆಂದು ಪೈಲಟ್‌ಗಳಿಗೆ ಈಗ ಮತ್ತೆ ಮತ್ತೆ ಕಲಿಸುತ್ತಾರೆ.

ಈ ಪಾಠಗಳು ಫಲ ಕೊಟ್ಟ ದಿನವೂ ಒಂದುಂಟು. 2008ರ ಜನವರಿ 7ರಂದು ಲಂಡನ್‌ನಿಂದ ಬಂದ ಕ್ವಾಂಟಾಸ್‌ನ 747 ಬ್ಯಾಂಕಾಕ್‌ಗೆ ಇಳಿಯುತ್ತಿತ್ತು. ಅಡುಗೆಕೋಣೆಯ ಬಚ್ಚಲ ಕೊಳವೆ ಕಟ್ಟಿಕೊಂಡು ನೀರು ಉಕ್ಕಿತು. ಬಿರುಕು ಬಿಟ್ಟ ಹೊದಿಕೆಯಿಂದ ಸೋರಿ ಜನರೇಟರ್ ನಿಯಂತ್ರಕಗಳ ಮೇಲೆ ಹನಿಯಿತು. ನಾಲ್ಕರಲ್ಲಿ ಮೂರು ಜನರೇಟರ್‌ಗಳ ವಿದ್ಯುತ್ ಹೋಯಿತು. ಮುಖ್ಯ ಉಪಕರಣಗಳು ಬ್ಯಾಟರಿಯ ಮೇಲೆ ನಡೆದವು. ಬ್ಯಾಟರಿಗಿದ್ದ ಆಯುಷ್ಯ ಸುಮಾರು 30 ನಿಮಿಷ. ನಿಲ್ದಾಣ ಹತ್ತಿರವಿತ್ತು, ಹಗಲಿತ್ತು. ಎಲ್ಲರೂ ಸುಖವಾಗಿ ಇಳಿದರು. ನಡುಸಮುದ್ರದಲ್ಲಿ ಹೀಗಾಗಿದ್ದರೆ ಕಥೆ ಬೇರೆಯಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಪೈಲಟ್‌ಗಳ ಮೊದಲ ಕೆಲಸ ರಿಪೇರಿಯಲ್ಲ, ವಿಮಾನವನ್ನು ನೆಟ್ಟಗೆ ಹಾರಿಸುವುದು. ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಪಟ್ಟಿ ಹಿಡಿದು ಯಾವುದು ಹೋಯಿತು, ಯಾವುದು ಉಳಿಯಿತು ಎಂದು ನೋಡುತ್ತಾರೆ. ಬಾಲದಲ್ಲಿರುವ ಸಣ್ಣ ಎಂಜಿನ್ ಚಾಲೂ ಮಾಡಬಹುದೇ ಎಂದು ಪರೀಕ್ಷಿಸುತ್ತಾರೆ. ಹಲವು ವಿಮಾನಗಳಲ್ಲಿ ಎಲ್ಲವೂ ಹೋದರೆ ಹೊಟ್ಟೆಯಡಿಯಿಂದ ಪುಟ್ಟ ಗಾಳಿಚಕ್ರವೊಂದು ಹೊರಬಂದು, ವೇಗದ ಗಾಳಿಗೆ ತಿರುಗಿ, ತೀರಾ ಅಗತ್ಯವಿದ್ದಷ್ಟು ಶಕ್ತಿ ಕೊಡುತ್ತದೆ. ಆಮೇಲೆ ಹತ್ತಿರದ ನಿಲ್ದಾಣ.

ಓದುತ್ತ ಹೋದಾಗ ಒಂದು ಪದ ಕಂಡು ನಕ್ಕೆ: ಲೋಡ್ ಶೆಡ್ಡಿಂಗ್. ಜನರೇಟರ್ ಕಡಿಮೆಯಾದಾಗ ವಿಮಾನವೂ ಅದನ್ನೇ ಮಾಡುತ್ತದೆ. ಆದರೆ ಅಲ್ಲಿ ಮೊದಲು ಹೋಗುವುದು ಅಡುಗೆಯ ಒಲೆ, ಸಿನಿಮಾ ಪರದೆ. ಕೊನೆಗೆ ಉಳಿಯುವುದು ಜೀವ ಉಳಿಸುವ ದೀಪ. ನಮ್ಮಲ್ಲಿ ಮೊದಲು ಹೋಗುತ್ತಿದ್ದುದು ಪೈರಿಗೆ ನೀರೆತ್ತುವ ಮೋಟಾರು. ಕೊರತೆ ಎಲ್ಲ ಕಡೆಯೂ ಬರುತ್ತದೆ. ಯಾವುದನ್ನು ಮೊದಲು ಕಡಿಯಬೇಕೆಂಬುದನ್ನು ಯಾರೋ ಮುಂಚೆಯೇ ಕೂತು ತೀರ್ಮಾನಿಸಿರುತ್ತಾರೆ.

2019ರ ನವೆಂಬರ್‌ನಲ್ಲಿ ಕಲಬುರಗಿಯಿಂದ ವಿಮಾನ ಹಾರತೊಡಗಿದಾಗ ಮುತ್ಯಾ ಇರಲಿಲ್ಲ. ಇದ್ದಿದ್ದರೆ ಅವನ ಪ್ರಶ್ನೆಗೆ ಈಗ ಸರಿಯಾದ ಉತ್ತರ ಹೇಳುತ್ತಿದ್ದೆ. ಆ ರಾತ್ರಿ ಕತ್ತಲಲ್ಲಿ ಕೂತು, ಬ್ಯಾಟರಿ ಹಚ್ಚು ಎಂದು ನಾನು ಪೀಡಿಸಿದ್ದೆ. ಮುತ್ಯಾ ಹಚ್ಚಲಿಲ್ಲ. "ಸೆಲ್ಲು ಕಮ್ಮಿ ಅದಾವ. ಮನಿ ಹಾದಿಗಿ ಬೇಕು" ಎಂದಿದ್ದ. ಕರೆಂಟ್ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಹಚ್ಚಿದ, ಇಬ್ಬರೂ ಊರ ಕಡೆ ನಡೆದೆವು.